ಮೂರು ವರ್ಷದ ಡಬ್ಬ

“ಲೋ ಲೂಷಿಯಸ್, ನಿಂಗೆ ಯಾರೋ ಮದ್ದು ಹಾಕಿದಾರೆ ಕಣೋ,” ಎಂದ ಪರ್ಸಿ, ಕೋಳಿರೆಕ್ಕೆಯ ಮೂಳೆಯನ್ನು ತಟ್ಟೆಗೆ ಹಾಕುತ್ತ. “ಇಪ್ಪತ್ತು ವರ್ಷ ‘ಗೋಡೆ ಮೊದಲು, ಕಿಟಕಿ ಆಮೇಲೆ’ ಅಂತ ನನ್ನ ಕಿವಿ ತೂತು ಮಾಡಿದೆ. ಈ ವರ್ಷ ಹೋಗ್ಲಿ ಅಂತ ಒಪ್ಕೊಂಡೆ. ನಾನು ಒಪ್ಕೊಂಡ ದಿನಾನೇ ನೀನು ಉಲ್ಟಾ ಹೊಡೆಯೋದಾ?”

ಲೂಷಿಯಸ್ ಟೋಪಿ ತೆಗೆಯದೆ ಗೋಡೆಬದಿಯ ಕುರ್ಚಿಯಲ್ಲಿ ಕೂತಿದ್ದ. “ಗೋಡೆ ಕಟ್ಟಿದ್ದು ಸಾಕು,” ಎಂದ. “ಎಸೆಯೋ ಹುಡುಗನ್ನ ತಗೊಳ್ಳಿ. ಈ ವರ್ಷವೇ ಆಡಿಸಲಿ.”

“ಹಾಗೆ ಹೇಳಿ ದೊಡ್ಡಪ್ಪ,” ಎಂದು ಅಂಚೆಯ ಡೇರಿಯಸ್ ಹಿಗ್ಗಿದ. ಟಪಾಲು ಹಂಚಿ ಬಂದವನು ಇನ್ನೂ ಬೂಟು ಬಿಚ್ಚಿರಲಿಲ್ಲ.

ಕಳೆದ ಋತುವಿನ ಹದಿನೇಳು ಆಟಗಳಲ್ಲಿ ಊರಿನ ಫುಟ್‌ಬಾಲ್ ತಂಡ ಗೆದ್ದದ್ದು ಎರಡು. ಚೆಂಡನ್ನು ಕೈಯಿಂದ ಎಸೆದು ಆಡುವ ಅಮೆರಿಕದ ಈ ಆಟದಲ್ಲಿ ಎಸೆಯುವವನು ಲೂಷಿಯಸನ ಮಾತಿನ ‘ಕಿಟಕಿ’, ಅವನನ್ನು ಕಾಯಲು ಮುಂದಿನ ಸಾಲಿನಲ್ಲಿ ನಿಲ್ಲುವ ದಾಂಡಿಗರು ‘ಗೋಡೆ’. ಎಲ್ಲರಿಗಿಂತ ಹೆಚ್ಚು ಸೋತವರಿಗೆ, ಕಾಲೇಜು ಮುಗಿಸಿ ಬರುವ ಹುಡುಗರಲ್ಲಿ ಮೊದಲು ಆರಿಸಿಕೊಳ್ಳುವ ಹಕ್ಕು. ಸೋಲಿಗೆ ಸಿಗುವ ಸಂಬಳ ಅದೊಂದೇ. ಹಾಗಾಗಿ ಏಪ್ರಿಲ್ಲಿನಲ್ಲಿ ಆ ಆಯ್ಕೆ ನಡೆಯುವ ಡ್ರಾಫ್ಟಿನ ಸಂಜೆ ವರ್ನಾ ತನ್ನ ಕ್ಷೌರದಂಗಡಿಯ ಬಾಗಿಲಿಗೆ ‘ಮುಚ್ಚಿದೆ’ ಎಂಬ ಹಲಗೆ ತಿರುಗಿಸಿ, ಒಳಗೆ ಟಿವಿ ಹಚ್ಚುತ್ತಿದ್ದಳು. ಅವಳ ಅಪ್ಪನ ಕಾಲದಿಂದ ನಡೆದುಬಂದ ರೂಢಿ. ಪ್ರತಿಯೊಬ್ಬರೂ ತಾವಾದರೆ ಯಾರನ್ನು ಆರಿಸುತ್ತಿದ್ದೆವು ಎಂದು ಚೀಟಿ ಬರೆದು ಕಾಫಿ ಡಬ್ಬಕ್ಕೆ ಹಾಕಬೇಕು. ಡಬ್ಬ ತೆರೆಯುವುದು ಮೂರು ವರ್ಷದ ಮೇಲೆ. ಹುಡುಗ ಗಟ್ಟಿಯೋ ಜೊಳ್ಳೋ ಎಂದು ತಿಳಿಯಲು ಅಷ್ಟು ಕಾಲ ಬೇಕೇ ಬೇಕು. ಆಗ ಯಾರ ಚೀಟಿ ನಿಜವಾಯಿತೋ ಅವರು ಆ ವರ್ಷದ ಹೊಸ ಡಬ್ಬವನ್ನು ಮನೆಗೆ ಒಯ್ದು ಮೂರು ವರ್ಷ ಕಾಯಬೇಕು.

ಮೂರು ವರ್ಷದ ಹಿಂದಿನ ಡಬ್ಬವನ್ನು ಆಗಲೇ ತೆರೆದಾಗಿತ್ತು. ಪರ್ಸಿ ಬರೆದಿದ್ದ ಹುಡುಗ ಈಗ ಮಾವನ ಅಂಗಡಿಯಲ್ಲಿ ಸೋಫಾ ಮಾರುತ್ತಾನೆ. ಲೂಷಿಯಸ್ ಬರೆದಿದ್ದವನ ಹೆಸರನ್ನು ಅಂದು ಯಾರೂ ಕೇಳಿರಲಿಲ್ಲ. ಇವತ್ತು ಅವನು ಬೇರೆ ಊರಿನ ತಂಡದ ಮುಂದಿನ ಸಾಲಿನಲ್ಲಿ ಬಂಡೆಯ ಹಾಗೆ ನಿಂತಿದ್ದಾನೆ. ಇಪ್ಪತ್ತು ವರ್ಷದಲ್ಲಿ ಲೂಷಿಯಸ್ ಗೆದ್ದದ್ದು ಇದೇ ಮೊದಲು. ವರ್ನಾ ಚಪ್ಪಾಳೆ ತಟ್ಟಿದಾಗ ಅವನು ನಕ್ಕ.

ಮಂಗಳವಾರ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನ ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು, ಮೆಲ್ಲಗೆ ಕೇಳಿದ್ದಳು: “ಈ ವರ್ಷ ಮುಖ್ಯವಾದದ್ದು ಏನಾದರೂ ಇಟ್ಕೊಂಡಿದೀರಾ?” ಅವನು ಯೋಚಿಸಿ, “ಸೆಪ್ಟೆಂಬರ್‌ನಲ್ಲಿ ಆಟ ಶುರುವಾಗುತ್ತೆ,” ಅಂದಿದ್ದ. ಆಕೆ ಏನೋ ಲೆಕ್ಕ ಹಾಕುವವಳ ಹಾಗೆ ತಲೆಯಾಡಿಸಿ, “ಸೆಪ್ಟೆಂಬರ್ ನೋಡೋಣ. ಅದರಾಚೆ ನಾನು ಮಾತು ಕೊಡಲ್ಲ,” ಎಂದಿದ್ದಳು. ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಕ್ರೇನಿನ ಮೇಲೆ ಕೂತು, ಕುದಿಯುವ ಕಬ್ಬಿಣ ಒಂದು ಹನಿ ಚೆಲ್ಲದಂತೆ ನಿಧಾನವಾಗಿ ಸಾಗಿಸಿದವನು ಅವನು. ಆತುರ ಎಂದರೇನೆಂದು ಈ ವಾರವೇ ಅವನಿಗೆ ತಿಳಿದದ್ದು. ಒಂದು ಒಳ್ಳೆಯ ಸೆಪ್ಟೆಂಬರ್, ಆಟ ಗೆದ್ದು ಮನೆಗೆ ಹೋಗುವ ನಾಲ್ಕು ಭಾನುವಾರ, ಅಷ್ಟು ಸಿಕ್ಕರೆ ಸಾಕಿತ್ತು.

“ಎಲ್ಲರೂ ಬರೀರಿ. ಲೂಷಿಯಸ್ ಮಾಮ, ಪಕ್ಕದೋರದ್ದು ನೋಡಬಾರದು,” ಎಂದು ವರ್ನಾ ಪೆನ್ಸಿಲ್ ಕೊಟ್ಟಳು.

ಲೂಷಿಯಸ್ ಚೀಟಿಯನ್ನು ಮೊಣಕಾಲ ಮೇಲಿಟ್ಟುಕೊಂಡ. ಎಸೆಯುವ ಹುಡುಗನ ಹೆಸರು ಬಾಯಲ್ಲೇ ಇತ್ತು. ಆದರೆ ಮೂರು ವರ್ಷದ ಮೇಲೆ ಇದನ್ನು ಓದುವವರ ಮುಂದೆ ಸುಳ್ಳು ಬರೆಯಲು ಕೈ ಬರಲಿಲ್ಲ. ಮುಂದಿನ ಸಾಲಿಗೆ ನಿಲ್ಲುವ, ಗಾಣದೆತ್ತಿನಂಥ ಹೆಗಲಿನ, ಜೋಳದ ಹೊಲದ ಕಡೆಯ ಒಬ್ಬ ಹುಡುಗನ ಹೆಸರು ಬರೆದು, ನಾಲ್ಕಾಗಿ ಮಡಿಸಿ ಹಾಕಿದ.

ಟಿವಿಯಲ್ಲಿ ಸೂಟಿನವನು ವೇದಿಕೆಗೆ ಬಂದು ಸುದ್ದಿ ಹೇಳಿದ. ಊರಿನ ತಂಡ ಮೊದಲ ಆಯ್ಕೆಯ ಹಕ್ಕನ್ನೇ ಬೇರೆಯವರಿಗೆ ಬಿಟ್ಟುಕೊಟ್ಟು, ಬದಲಿಗೆ ಬರುವ ವರ್ಷದ್ದೂ ಅದರಾಚೆಯ ವರ್ಷದ್ದೂ ಸೇರಿ ಐದು ಆಯ್ಕೆ ಪಡೆದಿತ್ತು.

“ಹಾಳಾಗ್ ಹೋಗ್ಲಿ,” ಎಂದು ಡೇರಿಯಸ್ ಟೋಪಿ ಬಿಸಾಡಿದ. “ಇನ್ನು ಮೂರು ವರ್ಷ ಮಣ್ಣು ತಿನ್ನೋದೇ.”

“ಬುದ್ಧಿವಂತರು ಕಣೋ,” ಎಂದ ಪರ್ಸಿ. “ಈ ನನ್ ಮಗನ ಹತ್ರ ಪಾಠ ಹೇಳಿಸ್ಕೊಂಡಿರಬೇಕು. ಏನಂತೀಯ ಲೂಷಿಯಸ್?”

“ಸರಿಯಾಗೇ ಮಾಡಿದ್ರು,” ಎಂದ ಲೂಷಿಯಸ್. ಟೋಪಿಯನ್ನು ಹಣೆಗೆ ಎಳೆದುಕೊಂಡು ಮತ್ತೆ ಹೇಳಿದ, “ಸರಿಯಾಗೇ ಮಾಡಿದ್ರು.”

ವರ್ನಾ ಡಬ್ಬದ ಮುಚ್ಚಳಕ್ಕೆ ಸುತ್ತ ಟೇಪು ಅಂಟಿಸಿ ಅವನ ಮಡಿಲಲ್ಲಿಟ್ಟಳು. “ತಗೊಳ್ಳಿ ಮಾಮ. ಮೂರು ವರ್ಷ ಜೋಪಾನ.”

ಡಬ್ಬ ಹಗುರವಾಗಿತ್ತು. ಲೂಷಿಯಸ್ ಅದನ್ನು ಒಮ್ಮೆ ತಿರುಗಿಸಿ ನೋಡಿದ. “ನಮ್ಮನೇಲಿ ಜಾಗ ಇಲ್ಲಮ್ಮ. ಪರ್ಸಿ ಇಟ್ಕೊಳ್ಳಲಿ.”

“ಜಾಗ ಇಲ್ವಾ? ನಾಲ್ಕು ರೂಮಲ್ಲಿ ಒಬ್ಬನೇ ಬಿದ್ಕೊಂಡಿರ್ತೀಯ,” ಎಂದು ಪರ್ಸಿ ಶುರುಮಾಡಿದ. ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿ, ಕನ್ನಡಿಯಲ್ಲೇ ಜನರ ಮುಖ ಓದಲು ಕಲಿತವನು ಅವನು. ಎದುರಿನ ದೊಡ್ಡ ಕನ್ನಡಿಯಲ್ಲಿ ಈಗ ಲೂಷಿಯಸ್ ಕಂಡ. ಅಂಗಿಯ ಕಾಲರಿನೊಳಗೆ ಕತ್ತು ಎರಡು ಬೆರಳು ಸಡಿಲವಾಗಿತ್ತು. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದು, ಉಳಿದ ತುದಿ ನಾಲಗೆಯ ಹಾಗೆ ಜೋತುಬಿದ್ದಿತ್ತು.

ಡೇರಿಯಸ್ ಟಿವಿಯನ್ನು ಬಯ್ಯುತ್ತಲೇ ಇದ್ದ. ಪರ್ಸಿ ಎದ್ದು ಬಂದು ಡಬ್ಬ ತೆಗೆದುಕೊಂಡ.

“ಸೆಪ್ಟೆಂಬರ್‌ನ ಮೊದಲ ಆಟಕ್ಕೆ ನಾನೇ ಕಾರು ತರ್ತೀನಿ,” ಎಂದ, ಬೇರೆಲ್ಲೋ ನೋಡುತ್ತ. “ಹನ್ನೊಂದಕ್ಕೆ ರೆಡಿ ಇರು.”

“ಹತ್ತಕ್ಕೇ ಬಾ,” ಎಂದ ಲೂಷಿಯಸ್. “ಸೋಲೋದಾದ್ರೂ ಪೂರ್ತಿ ನೋಡೋಣ.”

ಹೊರಗೆ ಸರೋವರದ ಕಡೆಯಿಂದ ಗಾಳಿ ಬೀಸುತ್ತಿತ್ತು. ರಸ್ತೆಯಂಚಿನಲ್ಲಿ ಕೊನೆಯ ಹಿಮ ಕರಿದಾಗಿ ಗಟ್ಟಿಕಟ್ಟಿತ್ತು. ಲೂಷಿಯಸ್ ಗಾಜಿನ ಬಾಗಿಲಿನೊಳಗೆ ನಿಂತು ನೋಡಿದ. ಪರ್ಸಿ ಕೋಟಿನ ಗುಂಡಿ ಬಿಚ್ಚಿ ಡಬ್ಬವನ್ನು ಎದೆಗೆ ಒತ್ತಿಕೊಂಡು, ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು, ಯಾರೋ ಮೇಲೆ ಬಿದ್ದು ಕಿತ್ತುಕೊಳ್ಳಲು ಬರುತ್ತಿದ್ದಾರೆ ಎಂಬಂತೆ ತಲೆ ಬಗ್ಗಿಸಿ, ಜಾರುವ ಹಿಮದ ಮೇಲೆ ಒಂದೊಂದೇ ಹೆಜ್ಜೆ ಇಡುತ್ತ ಕಾರಿನ ಕಡೆ ಹೋಗುತ್ತಿದ್ದ.