ಇಪ್ಪತ್ತು ಕಾಯಿ, ಇಪ್ಪತ್ತು ತೂತು

ಪ್ರೊಫೆಸರ್ ರಾಜಶೇಖರ್ ಇಪ್ಪತ್ತೆರಡು ವರ್ಷಗಳಿಂದ ಕಣ್ಣಿಗೆ ಕಾಣದ ವಸ್ತುಗಳ ಬಗ್ಗೆ ಪಾಠ ಮಾಡುತ್ತಿದ್ದರು. ಮೈಕ್ರೊ ಮತ್ತು ನ್ಯಾನೊ ಸಿಸ್ಟಮ್ಸ್ ಅವರ ವಿಷಯ. ಸಂಶೋಧನೆಗೆಂದು ಅರಸೀಕೆರೆಯ ಕಾಲೇಜು ಕೊಟ್ಟ ಲ್ಯಾಬೂ ಸುಲಭಕ್ಕೆ ಕಣ್ಣಿಗೆ ಬೀಳುತ್ತಿರಲಿಲ್ಲ. ಕ್ಯಾಂಟೀನಿನ ಹಿಂದೆ, ಗ್ಯಾಸ್ ಸಿಲಿಂಡರುಗಳ ಪಕ್ಕದ ಕೋಣೆ ಅದು. ಪ್ರತಿ ವರ್ಷ ಮೊದಲ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಒಂದೇ ವಾಕ್ಯ ಬರೆಯುತ್ತಿದ್ದರು: 'ಅಳೆಯುವ ಉಪಕರಣ ಅಳೆಸಿಕೊಳ್ಳುವ ವಸ್ತುವನ್ನು ಕೆಡಿಸಬಾರದು.' ವಿದ್ಯಾರ್ಥಿಗಳು ಅದನ್ನು ಬರೆದುಕೊಂಡು, ಪರೀಕ್ಷೆಯಲ್ಲಿ ಎರಡು ಅಂಕ ಗಿಟ್ಟಿಸಿ, ಮರೆತುಬಿಡುತ್ತಿದ್ದರು. ಮೇಷ್ಟ್ರಿಗೆ ಮರೆಯಲು ತುಸು ಹೆಚ್ಚು ಕಾಲ ಹಿಡಿಯಿತು.

ಈ ವರ್ಷ ಆಡಳಿತ ಮಂಡಳಿಗೆ ಇದ್ದಕ್ಕಿದ್ದಂತೆ ಜನೋಪಕಾರದ ಚಿಂತೆ ಹತ್ತಿತು. ಊರಿಗೆ ಬೇಕಾದ ಒಂದಾದರೂ ಸಾಧನ ತೋರಿಸಬೇಕು, ಇಲ್ಲದಿದ್ದರೆ ಲ್ಯಾಬಿಗೆ ಬೀಗ. ನೋಡಿ ಸಹಿ ಹಾಕಲು ಬೆಂಗಳೂರಿನಿಂದ ಶರತ್ಚಂದ್ರ ಎಂಬ ತಜ್ಞರು ಬರುವರಂತೆ. ಆ ಸಹಿ ಬಿದ್ದರೆ ಇನ್ನೈದು ವರ್ಷ ಲ್ಯಾಬು ಉಳಿದಂತೆ.

ರಾಜಶೇಖರ್ ಕೊಬ್ಬರಿಗೆ ಕೈ ಹಾಕಿದರು. ಕಣಕಟ್ಟೆಯ ಅವರ ಚಿಕ್ಕಮ್ಮ ಶಿವಗಂಗಮ್ಮನ ಅಟ್ಟದ ಮೇಲೆ ತೆಂಗಿನಕಾಯಿ ವರ್ಷವಿಡೀ ಒಣಗುತ್ತದೆ. ಒಳಗೆ ಕೊಬ್ಬರಿಯಾಯಿತೋ, ಕೊಳೆಯಿತೋ ತಿಳಿಯಲು ಚಿಕ್ಕಮ್ಮ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗಿನ ಉಂಡೆ ಚಿಪ್ಪಿಗೆ ಬಡಿದು ಗಟಗಟ ಅಂದರೆ ಕೊಬ್ಬರಿ. ಎಂಥ ಅವೈಜ್ಞಾನಿಕ ಪದ್ಧತಿ! ಪ್ರೊಫೆಸರರು ಸಾಸಿವೆ ಕಾಳಿಗಿಂತ ಚಿಕ್ಕ ಸೆನ್ಸರ್ ಮಾಡಿ, ಇಪ್ಪತ್ತು ಕಾಯಿಗಳಿಗೆ ಲ್ಯಾಬಿನಲ್ಲೇ ತೂತು ಕೊರೆದು ಒಳಗಿಳಿಸಿ, ಅಂಟು ಮೆತ್ತಿ, ಸಿಪ್ಪೆಯ ನಾರನ್ನು ಮೇಲೆ ಸವರಿ ಅಟ್ಟದ ಮೂಲೆಯಲ್ಲಿಟ್ಟರು. ಯಾರೂ ಮುಟ್ಟಬಾರದೆಂದು ಚಿಕ್ಕಮ್ಮನಿಗೆ ಕಟ್ಟಪ್ಪಣೆಯಾಯಿತು.

"ಸರ್, ತೂತು ಕೊರೀದೇ ಇರೋ ಇಪ್ಪತ್ತು ಕಾಯೀನೂ ಪಕ್ಕದಲ್ಲಿ ಇಡೋಣ್ವಾ? ಹೋಲಿಸಿ ನೋಡಬಹುದು," ಎಂದು ಪಿಎಚ್.ಡಿ. ವಿದ್ಯಾರ್ಥಿನಿ ಅರುಣಾ ಕೇಳಿದ್ದಳು.

"ಟೈಮಿಲ್ಲಮ್ಮ," ಎಂದಿದ್ದರು.

ಕೆಲವು ತಿಂಗಳ ಮೇಲೆ ತಜ್ಞರು ಕಣಕಟ್ಟೆಗೆ ಬಂದ ದಿನ ಇಪ್ಪತ್ತೂ ಸೆನ್ಸರುಗಳು ಲ್ಯಾಪ್‌ಟಾಪಿನಲ್ಲಿ 'ಕೊಳೆತಿದೆ' ಎಂದು ಕೆಂಪಗೆ ಕೂಗಿದವು. ಚಿಕ್ಕಮ್ಮನ ಅಂಗಳದಲ್ಲಿ ಆಳು ಹೊನ್ನಯ್ಯ ಕಾಯಿಗಳನ್ನು ಸುಲಿದು ಒಡೆದ. ಇಪ್ಪತ್ತೂ ಕೊಳೆತಿದ್ದವು. ನಾತಕ್ಕೆ ನಾಯಿ ಎದ್ದು ಹೋಯಿತು. ಶರತ್ಚಂದ್ರರು ಮಾತ್ರ ಕರವಸ್ತ್ರದೊಳಗಿಂದಲೇ ಹಿಗ್ಗಿದರು. "ನೂರಕ್ಕೆ ನೂರು! ಇಂಥ ನಿಖರತೆ ನಾನು ನೋಡೇ ಇಲ್ಲ," ಎಂದು ಪೆನ್ನಿನ ಮುಚ್ಚಳ ತೆಗೆದರು.

ಶಿವಗಂಗಮ್ಮ ಒಂದು ಚಿಪ್ಪನ್ನು ಬೆಳಕಿಗೆ ಹಿಡಿದು, ತೂತಿನಲ್ಲಿ ಕಡ್ಡಿ ತೂರಿಸಿದರು.

"ಅಲ್ಲ ಕಣೋ ರಾಜ, ತೂತು ಕೊರುದ್ರೆ ಕೆಡ್ದೆ ಇರ್ತೈತಾ? ಚಿಕ್ಕೋನಿದ್ದಾಗ ಕಾಯಿನೀರಿನ ಆಸೆಗೆ ಅಟ್ಟದ್ ಕಾಯಿಗೆ ಮೊಳೆ ಹೊಡ್ದು ನನ್ ಕೈಲಿ ಏಟು ತಿಂದಿದ್ದು ಮರ್ತೋಯ್ತಾ?"

"ಏನಂತಾರೆ ಅಮ್ಮ?" ತಜ್ಞರು ಕೇಳಿದರು. ತೆಂಗಿನಕಾಯಿಯನ್ನು ಅವರು ಚಟ್ನಿಯ ರೂಪದಲ್ಲಷ್ಟೇ ಬಲ್ಲರು.

'ಆಶೀರ್ವಾದ ಮಾಡ್ತಿದಾರೆ' ಎಂಬ ಉತ್ತರ ರಾಜಶೇಖರರ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಐದು ವರ್ಷ ಆ ಪೆನ್ನಿನ ತುದಿಯಲ್ಲಿತ್ತು. ಹೋಲಿಸಿ ನೋಡೋಣ ಎಂದಿದ್ದ ಅರುಣಾ ನೆಲ ನೋಡುತ್ತಾ ನಿಂತಿದ್ದಳು. ಅದನ್ನೇ ಅವರಿಗೆ ತಡೆಯಲಾಗಲಿಲ್ಲ.

"ಸಹಿ ಮಾಡಬೇಡಿ ಸಾರ್. ಕಾಯಿ ಕೊಳೆತಿದ್ದೇ ನಮ್ಮ ತೂತಿನಿಂದ. ನಾವೇ ಕೊಳೆಸಿ, ಕೊಳೆತಿದೆ ಅಂತ ನಾವೇ ಅಳೆದಿದ್ದೀವಿ."

ಶರತ್ಚಂದ್ರರು ಮುಚ್ಚಳ ಹಾಕಿದರು. "ಇದನ್ನ ಹೇಳ್ಲೇಬೇಕಿತ್ತಾ ಪ್ರೊಫೆಸರ್?" ಎಂದು ನಿಜವಾದ ಬೇಸರದಿಂದ ಕೇಳಿ ಕಾರು ಹತ್ತಿದರು.

ಮುಂದಿನ ಸೋಮವಾರದ ಹೊತ್ತಿಗೆ ಲ್ಯಾಬು ಖಾಲಿಯಾಗಿ, ಸಿಲಿಂಡರುಗಳಿಗೆ ಒಳ್ಳೆಯ ನೆರಳು ಸಿಕ್ಕಿತು. ಆಡಳಿತ ಮಂಡಳಿ ಬಯಸಿದ ಜನೋಪಕಾರ ಅಷ್ಟರಮಟ್ಟಿಗೆ ಆಯಿತು.

ಅದರ ಮುಂದಿನ ಭಾನುವಾರ ರಾಜಶೇಖರ್ ಕಣಕಟ್ಟೆಯ ಅಟ್ಟ ಹತ್ತಿದರು. ಚಿಕ್ಕಮ್ಮ ಒಂದು ಕಾಯಿ ಕೊಟ್ಟು, "ಅಲ್ಲಾಡ್ಸು," ಎಂದರು. ಅವರು ಅಲ್ಲಾಡಿಸಿದರು.

"ಏನಂತೈತೆ?"

"ಗಟಗಟ ಅಂತೈತೆ ಚಿಕ್ಕಮ್ಮ."

"ಸದ್ಯ, ಕಿವಿ ಕೆಟ್ಟಿಲ್ಲ," ಎಂದು ಶಿವಗಂಗಮ್ಮ ಇನ್ನೊಂದು ಕಾಯಿ ಕೈಗಿಟ್ಟರು.