ಸಿಸ್ಟರಮ್ಮನ ಡ್ಯೂಟಿ

ಬೆಲ್ಲು ಮೇಡಂ ಅಂತ ಅವರಿಗೆ ಹೆಸರಿಟ್ಟದ್ದು ಅವರ ಆಫೀಸಿನವರೇ, ಅದೂ ಬೆನ್ನ ಹಿಂದೆ. ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಆರೈಕೆ ಮನೆಗಳ ತಪಾಸಣೆ ಅವರ ಕೆಲಸ. ಬೇರೆ ಅಧಿಕಾರಿಗಳು ಮೊದಲು ಫೋನ್ ಮಾಡಿ, ಆಮೇಲೆ ಹೋಗಿ, ಕಾಫಿ ಕುಡಿದು, ತೋರಿಸಿದ್ದನ್ನು ನೋಡಿ ಬರುವವರು. ಮೇಡಂ ಹಾಗಲ್ಲ. ಹೇಳದೆ ಕೇಳದೆ ಒಳಗೆ ನುಗ್ಗಿ, ಖಾಲಿ ಇರುವ ಯಾವುದಾದರೂ ಕೋಣೆ ಹೊಕ್ಕು, ಹಾಸಿಗೆ ಪಕ್ಕದ ಕರೆಗಂಟೆ ಒತ್ತಿ ಕೂತುಬಿಡುತ್ತಿದ್ದರು. ಯಾರು ಬರುತ್ತಾರೆ, ಎಷ್ಟು ಬೇಗ ಬರುತ್ತಾರೆ, ಬಂದವರ ಮುಖ ಹೇಗಿರುತ್ತದೆ, ಇಷ್ಟು ನೋಡಿದರೆ ಸಾಕು, ಅನ್ನ ಬೆಂದಿದೆಯೋ ಇಲ್ಲವೋ ಅಂತ ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕಾದ ಹಾಗೆ, ಅನ್ನುವುದು ಅವರ ನಂಬಿಕೆ. ಆ ನಂಬಿಕೆ ಅವತ್ತಿನವರೆಗೆ ಕೈಕೊಟ್ಟಿರಲಿಲ್ಲ.

ಅವತ್ತು ಅವರು ಬಂದದ್ದು ಒಂದು ದೂರಿನ ಮೇಲೆ. ಈ ಮನೆಯಲ್ಲಿ ಲಕ್ವ ಹೊಡೆದ ಒಬ್ಬ ಮೇಷ್ಟ್ರಿದ್ದರು. ಬಲಗೈ ಬಿದ್ದುಹೋಗಿದೆ, ಮಾತು ಹೋಗಿದೆ, ನುಂಗುವ ಶಕ್ತಿಯೂ ಅರ್ಧ ಹೋಗಿದೆ. ಬರೀ ನೀರು ಕುಡಿಸಿದರೆ ಅದು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದಕ್ಕೆ ಅವರಿಗೆ ಕೊಡುವ ನೀರಿಗೆ ಒಂದು ಪುಡಿ ಕಲಸಿ, ಮಂದ ಮಾಡಿ, ಚಮಚದಲ್ಲಿ ಕುಡಿಸಬೇಕು. ಹೀಗಿರುವಾಗ ಯಾರೋ ಪುಣ್ಯಾತ್ಮರು ಲೋಟದ ತುಂಬ ಬರೀ ನೀರು ಕುಡಿಸಿದ್ದರು. ಮೇಷ್ಟ್ರು ಕೆಮ್ಮಿ ಕೆಮ್ಮಿ ನೀಲಿಗಟ್ಟಿ ಆಸ್ಪತ್ರೆ ಸೇರಿ, ಹೋದ ಜೀವ ಬಂದಂತೆ ವಾಪಸ್ಸು ಬಂದಿದ್ದರು. ಇನ್ನೊಂದು ಸಲ ಹೀಗಾದರೆ ಉಳಿಯುವುದಿಲ್ಲ ಅಂತ ಡಾಕ್ಟರು ಹೇಳಿದ್ದರು. "ಯಾರು ಕುಡಿಸಿದ್ದು ಅಂತ ಕೇಳಿದ್ರೆ ನಂಗೊತ್ತಿಲ್ಲ, ನಂಗೊತ್ತಿಲ್ಲ ಅಂತಾರೆ. ನಮ್ಮಪ್ಪ ಏನು ನಲ್ಲಿ ಹತ್ರ ಎದ್ದು ಹೋದ್ರಾ?" ಅಂತ ಮೇಷ್ಟ್ರ ಮಗಳು ಮೇಡಂ ಮುಂದೆ ಅತ್ತಿದ್ದಳು. ಇವತ್ತು ಆ ಕೈ ಯಾರದ್ದು ಅಂತ ಹಿಡಿದೇ ತೀರುತ್ತೇನೆ ಅಂತ ಮೇಡಂ ಹೊರಟಿದ್ದರು.

ಬಾಗಿಲಲ್ಲೇ ಒಬ್ಬ ಹೆಂಗಸು ಎದುರಾದಳು. ಬಟ್ಟೆಯ ತೋಳು ಮೊಣಕೈ ಮೇಲಕ್ಕೆ ಮಡಚಿದೆ, ಮೊಣಕೈಗೆ ಸೋಪಿನ ನೊರೆ, ಬಟ್ಟೆ ಅರ್ಧ ಒದ್ದೆ. ತಾಯಿಗೋ ಅತ್ತೆಗೋ ಸ್ನಾನ ಮಾಡಿಸಲು ಬಂದ ಯಾವುದೋ ಮನೆಯ ಮಗಳಿರಬೇಕು ಅಂದುಕೊಂಡರು ಮೇಡಂ.

"ಬನ್ನಿ, ಕೂತ್ಕೊಳ್ಳಿ. ಯಾರನ್ನ ನೋಡ್ಬೇಕಿತ್ತು?"

"ನಾನು ತಪಾಸಣೆಗೆ ಬಂದಿರೋಳು. ನೀವು ನಿಮ್ಮ ಪಾಡಿಗೆ ನಿಮ್ಮವರನ್ನ ನೋಡ್ಕೊಳ್ಳಿ. ನಾನು ಬಂದಿದ್ದೀನಿ ಅಂತ ಮಾತ್ರ ಯಾರಿಗೂ ಹೇಳ್ಬೇಡಿ."

ಆ ಹೆಂಗಸು ಏನೋ ಹೇಳಲು ಬಾಯಿ ತೆರೆದಳು. ಮೇಡಂ ತುಟಿಗೆ ಬೆರಳಿಟ್ಟು ಮುಂದೆ ನಡೆದರು. ಹೆಂಗಸು ತೆರೆದ ಬಾಯಿ ಮುಚ್ಚಿಕೊಂಡಳು.

ಓಣಿಯಂಥ ಹಾದಿ, ಎರಡೂ ಕಡೆ ಕೋಣೆ, ಗೋಡೆಗೆ ಹಿಡಿದು ನಡೆಯಲು ಮರದ ಹಿಡಿ. ಫಿನಾಯಿಲ್ ವಾಸನೆ ಇತ್ತು, ಮೂತ್ರದ ವಾಸನೆ ಇರಲಿಲ್ಲ. ಅದು ಒಳ್ಳೆ ಲಕ್ಷಣ. ಖಾಲಿ ಕೋಣೆಯೊಂದಕ್ಕೆ ಹೋಗಿ, ಹಾಸಿಗೆ ತುದಿಗೆ ಕೂತು, ಮೇಡಂ ಗಂಟೆ ಒತ್ತಿದರು. ಒತ್ತಿ ಉಸಿರು ಬಿಡುವಷ್ಟರಲ್ಲಿ ಬಾಗಿಲು ತೆರೆಯಿತು.

ಬಂದಾಕೆ ಎತ್ತರದ ಹೆಂಗಸು. ತಲೆ ಬೆಳ್ಳಗಾಗಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು. ಬಿಳಿ ಕೋಟು, ಎದೆಗೆ ಪಿನ್ನು ಹಾಕಿ ಸಿಕ್ಕಿಸಿದ ಚಿಕ್ಕ ಗಡಿಯಾರ. ಬಂದವರೇ ಮೇಡಂ ಮಣಿಕಟ್ಟು ಹಿಡಿದು ನಾಡಿ ನೋಡಿದರು.

"ಏನಾಯ್ತಮ್ಮ? ತಲೆ ಸುತ್ತುತ್ತಾ? ಬೆಳಿಗ್ಗೆ ಏನಾದ್ರೂ ಹೊಟ್ಟೆಗೆ ಹಾಕ್ಕೊಂಡ್ಯೋ ಇಲ್ವೋ?"

ಬೆಳಿಗ್ಗೆಯಿಂದ ಯಾರೂ ಮೇಡಂ ಅವರನ್ನು ಈ ಮಾತು ಕೇಳಿರಲಿಲ್ಲ. ಅವರ ಮನಸ್ಸು ಅಲ್ಲೇ ಅರ್ಧ ಕರಗಿತು. ಈಕೆ ಹೆಡ್ ನರ್ಸ್ ಅನ್ನುವುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ. ನಾನು ಇಂಥವಳು, ನಿಮ್ಮನ್ನ ಕೆಲವು ಪ್ರಶ್ನೆ ಕೇಳಬೇಕು ಅಂದರು. "ಕೇಳಿ, ಕೇಳಿ" ಅಂತ ಆಕೆ ಕೈಕಟ್ಟಿ ನಿಂತರು. ಮಲಗಿದಲ್ಲೇ ಇರುವವರ ಬೆನ್ನು ಹುಣ್ಣಾಗದ ಹಾಗೆ ಏನು ಮಾಡ್ತೀರಿ? ಬಿದ್ದವರನ್ನ ಹೇಗೆ ಎತ್ತುತ್ತೀರಿ? ಕೈ ಯಾವಾಗ ತೊಳೀತೀರಿ? ಉತ್ತರಗಳು ನೀರು ಕುಡಿದಷ್ಟು ಸಲೀಸಾಗಿ ಬಂದವು, ಒಂದೂ ತಪ್ಪಿಲ್ಲ. ಇಂಥವರು ಮನೆಗೊಬ್ಬರಿದ್ದರೆ ನನಗೆ ಕೆಲಸವೇ ಇರುತ್ತಿರಲಿಲ್ಲ ಅಂತ ಮೇಡಂ ಮನಸ್ಸಿನಲ್ಲೇ ಅಂದುಕೊಂಡರು.

ಆಮೇಲೆ ಸ್ವಲ್ಪ ಎಡವಟ್ಟಾಯಿತು. "ಒಟ್ಟು ಎಷ್ಟು ಹಾಸಿಗೆ?" ಅಂದರೆ, "ಹೆಂಗಸರ ವಾರ್ಡಲ್ಲೇ ಅರವತ್ತು" ಅಂದರು. ಈ ಮನೆಯ ಕೋಣೆಗಳನ್ನೆಲ್ಲ ಕೂಡಿಸಿದರೂ ಇಪ್ಪತ್ತು ದಾಟುವುದಿಲ್ಲ. "ದೊಡ್ಡ ಡಾಕ್ಟ್ರು ರೌಂಡ್ಸಿಗೆ ಬರೋ ಹೊತ್ತಾಯ್ತು, ಬೇಗ ಕೇಳಿ" ಅಂದರು. ಇಲ್ಲಿ ದೊಡ್ಡ ಡಾಕ್ಟರೂ ಇಲ್ಲ, ಚಿಕ್ಕ ಡಾಕ್ಟರೂ ಇಲ್ಲ, ವಾರಕ್ಕೊಮ್ಮೆ ಒಬ್ಬರು ಹೊರಗಿನಿಂದ ಬಂದು ಹೋಗುತ್ತಾರೆ. ಬೇರೆ ಯಾವುದೋ ಶಾಖೆಯ ಲೆಕ್ಕ ಹೇಳುತ್ತಿರಬೇಕು ಅಂತ ಮೇಡಂ ತಮಗೆ ತಾವೇ ಸಮಾಧಾನ ಹೇಳಿಕೊಂಡು, ಬಂದ ಕೆಲಸಕ್ಕೆ ಇಳಿದರು.

"ಆ ಲಕ್ವದ ಮೇಷ್ಟ್ರಿಗೆ ಅವತ್ತು ನೀರು ಕುಡಿಸಿದ್ದು ಯಾರು, ಸಿಸ್ಟರ್?"

"ನಾನೇ."

ಮೇಡಂ ಕಕ್ಕಾಬಿಕ್ಕಿಯಾದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅವರು ಬೇಕಾದಷ್ಟು ಕಂಡಿದ್ದರು. ಕಾಯಿಯನ್ನೇ ತಂದು ಕೈಗಿಡುವವರನ್ನು ಕಂಡಿರಲಿಲ್ಲ.

"ಮಂದ ಮಾಡಿ ಕೊಟ್ರಾ?"

"ನೀರನ್ನ ಯಾರಾದ್ರೂ ಮಂದ ಮಾಡ್ತಾರಾ ತಾಯಿ?" ಅಂತ ಆಕೆ ನಕ್ಕರು. "ಪಾಪ, ಬಾಯಾರಿ ಒದ್ದಾಡ್ತಿರ್ತಾರೆ. ಕೇಳಿದೋರಿಗೆ ನೀರು ಕೊಡದೆ ಇರೋಕೆ ನಾವೇನು ಕಲ್ಲಾ?"

ಮೇಡಂ ದಡಬಡ ಎದ್ದು ಮೇಲ್ವಿಚಾರಕರ ಕೋಣೆ ಹುಡುಕಿಕೊಂಡು ಹೊರಟರು. ಕೋಪ ಬರಬೇಕಿತ್ತು, ಬಂದದ್ದು ಗೊಂದಲ. ಅಷ್ಟೆಲ್ಲ ಗೊತ್ತಿರುವವರಿಗೆ ಇದು ಹೇಗೆ ಗೊತ್ತಿಲ್ಲ? ತಪ್ಪು ಮಾಡಿದವರ ಮುಖ ಅಷ್ಟು ತಿಳಿಯಾಗಿ ಹೇಗಿರುತ್ತದೆ? ಬಾಗಿಲು ತಳ್ಳಿದರೆ ದೊಡ್ಡ ಮೇಜಿನ ಹಿಂದೆ, ಒದ್ದೆ ಬಟ್ಟೆಯಲ್ಲೇ, ಆ ಸೋಪಿನ ಮೊಣಕೈಯ ಹೆಂಗಸು ಕೂತಿದ್ದಳು.

"ನೀವಿಲ್ಲಿ ಯಾಕೆ ಕೂತಿದ್ದೀರಿ?"

"ನಾನೇ ಮೇಡಂ ಇಲ್ಲಿ ಮೇಲ್ವಿಚಾರಕಿ. ಸ್ನಾನ ಮಾಡಿಸೋರು ಇವತ್ತು ಬಂದಿಲ್ಲ, ಅದಕ್ಕೆ ಹಂಗಿದ್ದೆ. ನೀವು ಯಾರಿಗೂ ಹೇಳ್ಬೇಡಿ ಅಂದ್ರಿ. ಹೇಳ್ಲಿಲ್ಲ."

ಮೇಡಂ ಪಕ್ಕದ ಸ್ಟೂಲಿನ ಮೇಲೆ ಕುಸಿದರು. "ಇರ್ಲಿ. ನಿಮ್ಮ ಹೆಡ್ ನರ್ಸ್ ತಾನೇ ನೀರು ಕುಡಿಸಿದ್ದು ಅಂತ ಒಪ್ಕೊಂಡ್ರು."

"ಹೆಡ್ ನರ್ಸ್ ರಜೆ ಮೇಲಿದ್ದಾರಲ್ಲ ಮೇಡಂ."

"ಹಾಗಾದ್ರೆ ಬಿಳಿ ಕೋಟು ಹಾಕ್ಕೊಂಡು ನನ್ನ ನಾಡಿ ನೋಡಿದ್ದು ಯಾರು?"

ಮೇಲ್ವಿಚಾರಕಿ ತಲೆ ತಗ್ಗಿಸಿದಳು. "ಸಿಸ್ಟರಮ್ಮ. ಆ ತುದಿ ರೂಮಿನವರು. ಅವರೂ ಇಲ್ಲಿ ಇರೋಕೆ ಬಂದಿರೋರೇ."

ಹಾಗೆ, ಒಂದು ಅಗುಳು ಹಿಚುಕಿ ಅನ್ನದ ಹದ ಹೇಳುವ ಮೇಡಂ ಅವತ್ತು ಹಿಚುಕಿದ್ದು ಬೇರೆ ಯಾವುದೋ ಪಾತ್ರೆಯ ಅಗುಳನ್ನು.

ಮೇಲ್ವಿಚಾರಕಿ ಒಂದೊಂದೇ ಬಿಡಿಸಿ ಹೇಳಿದಳು. ಸಿಸ್ಟರಮ್ಮ ದೊಡ್ಡ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಮದುವೆಯಾಗಲಿಲ್ಲ. ತಮ್ಮನ ಮಗನನ್ನು ಸಾಕಿದರು. ಮರೆವು ಶುರುವಾಗಿ ಒಲೆ ಹಚ್ಚಿಟ್ಟು ಮರೆಯತೊಡಗಿದಾಗ, ಅವನೇ "ಅತ್ತೆ, ಸ್ವಲ್ಪ ದಿನ ಇಲ್ಲಿರು" ಅಂತ ತಂದು ಬಿಟ್ಟ. ಅವರಿದ್ದ ಬಾಡಿಗೆ ಮನೆ ಖಾಲಿ ಮಾಡಿ ಬೀಗದ ಕೈ ವಾಪಸ್ಸು ಕೊಟ್ಟಾಯಿತು. ಬಂದ ಹೊಸತರಲ್ಲಿ ಅವರು ಊಟ ಮುಟ್ಟುತ್ತಿರಲಿಲ್ಲ, ಗೇಟು ಹಿಡಿದು ಮನೆಗೆ ಕಳಿಸಿ ಅಂತ ಅಳುತ್ತಿದ್ದರು. ಒಂದು ದಿನ ಯಾರದ್ದೋ ಕೋಣೆಯ ಗಂಟೆ ಹೊಡೆಯಿತು. ಗೇಟು ಬಿಟ್ಟು ಎದ್ದು ಹೋದರು, ದಿಂಬು ಸರಿ ಮಾಡಿದರು, ಹೊದಿಕೆ ಹೊದಿಸಿದರು. ಅವತ್ತು ರಾತ್ರಿ ಹೊಟ್ಟೆ ತುಂಬ ಉಂಡರು. ಆಮೇಲೆ ಮನೆ ಸುದ್ದಿ ಎತ್ತಲಿಲ್ಲ.

"ನಾವೂ ಸುಮ್ನಾದ್ವಿ. ಔಷಧಿ ಮುಟ್ಟೋಕೆ ಬಿಡಲ್ಲ, ಬೀಗ ಹಾಕಿಟ್ಟಿದ್ದೀವಿ. ನೀರಿಗೆ ಎಲ್ಲಿ ಬೀಗ ಹಾಕೋಣ ಹೇಳಿ? ಮೇಷ್ಟ್ರಿಗೆ ಕೊಡ್ಬೇಡಿ ಅಂತ ದಿನಾ ಹೇಳ್ತೀವಿ. ಆಯ್ತು ಅಂತಾರೆ, ಸಂಜೆಗೆ ಮರೀತಾರೆ."

"ಗೊತ್ತಿದ್ದೂ ಮೇಷ್ಟ್ರ ಮಗಳ ಹತ್ರ ಸುಳ್ಳು ಹೇಳಿದ್ರಿ."

"ಹೇಳ್ದೆ. ನಿಜ ಹೇಳಿದ್ರೆ ಸಿಸ್ಟರಮ್ಮನ್ನ ರೂಮಲ್ಲಿ ಕೂಡಿ ಹಾಕ್ಬೇಕು, ಇಲ್ಲ ಬೇರೆ ಕಡೆ ಕಳಿಸ್ಬೇಕು. ನೀವೇ ಹೇಳಿ, ಏನ್ ಮಾಡ್ಲಿ?"

ಮೇಡಂಗೆ ಅತ್ತ ದರಿ, ಇತ್ತ ಪುಲಿ. ಸಿಸ್ಟರಮ್ಮನನ್ನು ಬಿಟ್ಟರೆ ಮೇಷ್ಟ್ರ ಜೀವ ಹೋಗುತ್ತದೆ, ಕೂಡಿ ಹಾಕಿದರೆ ಸಿಸ್ಟರಮ್ಮ ಮತ್ತೆ ಗೇಟು ಹಿಡಿಯುತ್ತಾರೆ. ಇಷ್ಟು ವರ್ಷ ತಪ್ಪು ಮಾಡಿದವರು ಒಂದು ಕಡೆ, ನೊಂದವರು ಒಂದು ಕಡೆ ಇರುತ್ತಿದ್ದರು. ಇಲ್ಲಿ ಯಾರನ್ನು ಯಾವ ಕಡೆ ನಿಲ್ಲಿಸುವುದು ಅಂತ ಅವರ ತಲೆಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಟಕ ಟಕ ಸದ್ದು ಕೇಳಿತು. ಮೇಷ್ಟ್ರು ಎಡಗೈ ಉಂಗುರದಿಂದ ಮಂಚದ ಕಬ್ಬಿಣಕ್ಕೆ ಬಡಿಯುವ ಸದ್ದು. ಅವರಿಗೆ ಬಾಯಾರಿದರೆ ಹಾಗೆ ಬಡಿಯುತ್ತಾರೆ ಅನ್ನುತ್ತಲೇ ಮೇಲ್ವಿಚಾರಕಿ ಓಡಿದಳು, ಮೇಡಂ ಹಿಂದೆಯೇ ಓಡಿದರು. ಹೋಗಿ ನೋಡಿದರೆ ಸಿಸ್ಟರಮ್ಮ ಆಗಲೇ ಮೇಷ್ಟ್ರ ಕತ್ತಿನ ಹಿಂದೆ ಒಂದು ಕೈ ಕೊಟ್ಟು ಎತ್ತಿ, ಇನ್ನೊಂದು ಕೈಯಲ್ಲಿ ತುಂಬಿದ ಲೋಟ ತುಟಿಯವರೆಗೆ ತಂದಿದ್ದರು. ಮೇಷ್ಟ್ರು ಎಳೆ ಮಗುವಿನ ಹಾಗೆ ಬಾಯಿ ತೆರೆದಿದ್ದರು. ಮೇಡಂ ಲೋಟ ಕಿತ್ತುಕೊಂಡರು. ನೀರೆಲ್ಲ ಹಾಸಿಗೆ ಮೇಲೆ ಚೆಲ್ಲಿತು.

"ಯಾರ್ರೀ ನೀವು? ರೋಗಿ ಬಾಯಿಂದ ನೀರು ಕಿತ್ಕೋತೀರಲ್ಲ!" ಸಿಸ್ಟರಮ್ಮ ಗುಡುಗಿದರು. ನಾಡಿ ನೋಡಿದ್ದೆಲ್ಲ ಆಗಲೇ ಮರೆತುಹೋಗಿತ್ತು.

"ನಾನು ಮೇಲಿನ ಆಫೀಸಿನಿಂದ ಬಂದಿರೋ ಅಧಿಕಾರಿ."

ಆ ಮಾತು ಕೇಳಿದ್ದೇ ಸಿಸ್ಟರಮ್ಮ ಕೋಟಿನ ಗುಂಡಿ ಸರಿಮಾಡಿಕೊಂಡು ನೆಟ್ಟಗೆ ನಿಂತರು. ನಾವು ಹೇಳಿದ್ದನ್ನ ಕೇಳದವರು ಮೇಲಿನವರ ಮಾತು ಕೇಳ್ತಾರೇನೋ ಅಂತ ಮೇಲ್ವಿಚಾರಕಿ ಮೇಡಂ ಕಿವಿಯಲ್ಲಿ ಪಿಸುಗುಟ್ಟಿದಳು. ಹಾವೂ ಸಾಯದೆ ಕೋಲೂ ಮುರಿಯದೆ ಇರುವ ದಾರಿ ಸಿಕ್ಕಿತು ಅನ್ನಿಸಿತು ಮೇಡಂಗೆ. ಗಂಟಲು ಸರಿಮಾಡಿಕೊಂಡು ಹೇಳಿದರು:

"ಸಿಸ್ಟರ್, ನೀವು ಬಹಳ ವರ್ಷ ದುಡಿದಿದ್ದೀರಿ. ಇವತ್ತಿಂದ ನಿಮಗೆ ನಿವೃತ್ತಿ. ಇನ್ನು ರೋಗಿಗಳನ್ನ ನೋಡೋ ಕೆಲಸ ನಿಮ್ಮದಲ್ಲ."

ಸಿಸ್ಟರಮ್ಮ ಅಳುತ್ತಾರೆ, ಇಲ್ಲ ಜಗಳಕ್ಕೆ ಬರುತ್ತಾರೆ ಅಂತ ಮೇಡಂ ಎದೆ ಗಟ್ಟಿ ಮಾಡಿಕೊಂಡಿದ್ದರು. ಎರಡೂ ಆಗಲಿಲ್ಲ. ಆಕೆಯ ಮುಖ ಅರಳಿತು.

"ನಿಜವಾಗ್ಲೂನಾ ಮೇಡಂ?" ಅಂತ ಎರಡೂ ಕೈ ಹಿಡಿದುಕೊಂಡರು. "ನಿಮ್ಮ ಹೊಟ್ಟೆ ತಣ್ಣಗಿರ್ಲಿ. ಎಷ್ಟು ದಿನದಿಂದ ಕಾಯ್ತಿದ್ದೆ ಗೊತ್ತಾ? ಡ್ಯೂಟಿ ಮುಗೀತಾನೇ ಇರ್ಲಿಲ್ಲ. ಅದಕ್ಕೇ ಅಲ್ವಾ ಇವರ್ಯಾರೂ ನನ್ನನ್ನ ಮನೆಗೆ ಬಿಡ್ತಿರ್ಲಿಲ್ಲ."

ಹಾಗಂದು ತುದಿ ಕೋಣೆಗೆ ಸರಸರ ಹೋದರು. ಮೇಲ್ವಿಚಾರಕಿ ಗೋಡೆಗೆ ಮುಖ ಮಾಡಿ ನಿಂತಳು. ಮೇಡಂ ಕೈಯಲ್ಲಿ ಖಾಲಿ ಲೋಟ ಹಾಗೇ ಇತ್ತು. ಮರೆವು ಅಂದರೆ ಎಲ್ಲವೂ ಮರೆತುಹೋಗುವುದು ಅಂತ ಅವರು ತಿಳಿದಿದ್ದರು. ಮನೆಯೊಂದು ಮಾತ್ರ ಮರೆತಿರಲಿಲ್ಲ. ಇಷ್ಟು ದಿನ ಈಕೆ ಮನೆಗೆ ಹೋಗಲೆಂದೇ ದುಡಿದಿದ್ದರು, ಎಲ್ಲರೂ ಅದನ್ನು ನೆಮ್ಮದಿ ಅಂದುಕೊಂಡಿದ್ದರು.

ಸ್ವಲ್ಪ ಹೊತ್ತಿಗೆ ಸಿಸ್ಟರಮ್ಮ ತಲೆ ಬಾಚಿಕೊಂಡು, ಕೋಟು ಮಡಚಿ ಕಂಕುಳಲ್ಲಿಟ್ಟುಕೊಂಡು, ಬಟ್ಟೆ ಬ್ಯಾಗು ಹಿಡಿದು ಬಂದರು. "ಗೇಟ್ ತೆಗಿಸಿ ಮೇಡಂ."

ಮೇಲ್ವಿಚಾರಕಿ ತಿರುಗಿ ಮೇಡಂ ಮುಖ ನೋಡಿದಳು. ಮನೆ ಇಲ್ಲ ಅಂತ ಹೇಳಬೇಕು. ಹೇಳಿದರೆ ಈಗ ಎದೆ ಒಡೆಯುತ್ತದೆ, ಸಂಜೆಗೆ ಮರೆಯುತ್ತದೆ, ನಾಳೆ ಇನ್ನೊಮ್ಮೆ ಹೇಳಿ ಇನ್ನೊಮ್ಮೆ ಒಡೆಯಬೇಕು. ಎಷ್ಟೋ ಆರೈಕೆ ಮನೆಗಳ ಬಾಗಿಲು ಮುಚ್ಚಿಸಿದ ಬಾಯಿಗೆ ಆ ಒಂದು ಮಾತು ಬರಲಿಲ್ಲ.

"ನಿಮ್ಮ ಜಾಗಕ್ಕೆ ಬರೋ ಸಿಸ್ಟರ್ ಇನ್ನೂ ಬಂದಿಲ್ಲ" ಅಂದರು ಕೊನೆಗೆ.

ಸಿಸ್ಟರಮ್ಮನ ಮುಖ ಒಂದು ಗಳಿಗೆ ಬಾಡಿತು. ಆಮೇಲೆ ತಾವೇ ತಲೆಯಾಡಿಸಿದರು. "ಹೌದೌದು. ಅವಳು ಬರೋ ತನಕ ಹೋಗೋ ಹಾಗಿಲ್ಲ. ಅದು ನ್ಯಾಯ." ಬಾಗಿಲ ಪಕ್ಕದ ಬೆಂಚಿನ ಮೇಲೆ, ಬ್ಯಾಗು ತೊಡೆ ಮೇಲಿಟ್ಟುಕೊಂಡು, ಗೇಟು ಕಾಣುವ ಹಾಗೆ ಕೂತರು.

ಒಳಗೆ ಮೇಷ್ಟ್ರು ಮತ್ತೆ ಬಡಿದರು. ಟಕ ಟಕ, ಟಕ ಟಕ. ಸಿಸ್ಟರಮ್ಮ ಏಳಲಿಲ್ಲ. ಮೇಲ್ವಿಚಾರಕಿ ಕಣ್ಣೊರೆಸಿಕೊಂಡು, ಮಂದ ಮಾಡಿದ ನೀರು, ಚಮಚ ತೆಗೆದುಕೊಂಡು ಹೋದಳು. ಮೇಷ್ಟ್ರ ಜೀವಕ್ಕೆ ಇವತ್ತಿನ ಮಟ್ಟಿಗೆ ಭಯವಿರಲಿಲ್ಲ. ಮೇಡಂ ಬಂದ ಕೆಲಸ ಆಗಿತ್ತು. ಆದರೆ ತಾನು ಒಬ್ಬರನ್ನು ಉಳಿಸಿದೆನೋ, ಇನ್ನೊಬ್ಬರನ್ನು ಮುಗಿಸಿದೆನೋ ಅವರಿಗೆ ತಿಳಿಯಲಿಲ್ಲ. ನಾಚಿಕೆಯಿಂದ ಅವರ ಕಣ್ಣು ತುಂಬಿತು. ಹೋಗಲೂ ಆಗದೆ, ಕೂರಲೂ ಆಗದೆ, ಬೆಂಚಿನ ಪಕ್ಕ ನಿಂತರು.

ಸಿಸ್ಟರಮ್ಮನೇ ಅವರ ಕೈ ಮೇಲೆ ಕೈಯಿಟ್ಟು ಸಮಾಧಾನ ಮಾಡಿದರು.

"ನೀವು ಹೊರಡಿ ಮೇಡಂ. ಮನೇಲಿ ಕಾಯ್ತಿರ್ತಾರೆ. ನಾನೂ ಇನ್ನೇನು ಹೊರಟೆ."