ಕ್ಯಾತಮ್ಮನ ತಾಯಿ ಯಾರೆಂದು ಕೇಳಿದವರು

ಎಲ್ಲಿಂದ ಶುರು ಮಾಡಲಿ? ಹುಟ್ಟಿನಿಂದ ಎಂದರೆ ಜಗಳ ಇರುವುದೇ ಅಲ್ಲಿ. ಸಾವಿನಿಂದ ಎಂದರೆ, ಸತ್ತ ಗಿರಿಯಮ್ಮನಿಗೆ ಮಕ್ಕಳೇ ಇಲ್ಲವೆಂದು ಒಂದು ಪುಸ್ತಕ ಹೇಳುತ್ತಿದೆ. ಅವಳ ಮಗಳು ಕ್ಯಾತಮ್ಮ ಮಾತ್ರ ನನ್ನೆದುರಿಗೇ ಕೂತು, “ಎಷ್ಟೊತ್ತು ಪೆನ್ನು ಕಚ್ಕಂಡಿರ್ತೀಯ, ಬರಿ ಕಣಮ್ಮ” ಅನ್ನುತ್ತಿದ್ದಾಳೆ.

೧

ಮೊದಲ ಡ್ರಾಫ್ಟು: “ಸಿದ್ದರಬೆಟ್ಟದ ನೆತ್ತಿಗೆ ಮೋಡ ಕವಿದಿತ್ತು...” (ಹರಿದು ಹಾಕಿದೆ. ಮೋಡಕ್ಕೂ ಹೊಲದ ಖಾತೆಗೂ ಏನು ಸಂಬಂಧ?)

ನೆಟ್ಟಗೆ ಹೇಳಿಬಿಡುತ್ತೇನೆ. ಎಪ್ಪತ್ತೆಂಟನೇ ಇಸವಿ. ಸಿರಾ ಸೀಮೆಯ ಒಂದು ಕುರಿಯವರ ಹಟ್ಟಿ. ತೀರಿಹೋದ ಮುದ್ದಪ್ಪನಿಗೆ ಇಬ್ಬರು ಹೆಂಡಿರು: ಹಿರಿಯಳು ಈರಕ್ಕ, ಕಿರಿಯಳು ಗಿರಿಯಮ್ಮ. ಗಿರಿಯಮ್ಮನಿಗೆ ತವರಿನವರು ಅರಿಶಿನ ಕುಂಕುಮಕ್ಕೆಂದು ಬೆಟ್ಟದ ತಪ್ಪಲಲ್ಲಿ ಎರಡೆಕರೆ ಹೊಲ ಕೊಟ್ಟಿದ್ದರು. ಹೋದ ವರ್ಷ ಅವಳೂ ಹೋದಳು. ಹೊಲ ಕ್ಯಾತಮ್ಮನಿಗೆ ಬರಬೇಕು. ಆದರೆ ಗಿರಿಯಮ್ಮನ ತಮ್ಮ ದಾಸಣ್ಣ ತಕರಾರು ಅರ್ಜಿ ಹಾಕಿದ: ನಮ್ಮಕ್ಕನಿಗೆ ಸಂತಾನವೇ ಇಲ್ಲ, ಹೊಲ ನಮಗೆ ವಾಪಸ್ಸು ಬರಬೇಕು. ಸೋದರಸೊಸೆಯನ್ನು ಹೆಗಲ ಮೇಲೆ ಹೊತ್ತು ನಾಗಲಮಡಿಕೆ ಜಾತ್ರೆ ತೋರಿಸಿದ ಅದೇ ದಾಸಣ್ಣ.

೨

ಅವನ ಕೈಗೆ ಸಿಕ್ಕಿದ್ದು ಹೆಳವರ ಪುಸ್ತಕ. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಮನೆಬಾಗಿಲಿಗೆ ಬಂದು, ಮನೆತನದ ವಂಶಾವಳಿಯನ್ನು ರಾಗವಾಗಿ ಓದಿ, ಹೊಸ ಹುಟ್ಟುಗಳನ್ನು ಬರೆದುಕೊಂಡು ಹೋಗುವವರು ಅವರು. ಅದರಲ್ಲಿ ಹೀಗಿದೆ: “ಮುದ್ದಪ್ಪನ ಹೆಂಡತಿ ಈರಕ್ಕ, ಮಗಳು ಕ್ಯಾತಮ್ಮ. ಕಿರಿಹೆಂಡತಿ ಗಿರಿಯಮ್ಮ, ಸಂತಾನವಿಲ್ಲ.”

ಹಳೇ ಶಾನುಭೋಗರ ಜನನ ರಿಜಿಸ್ಟರಿನಲ್ಲಿ ಬೇರೆಯೇ: “ತಂದೆ ಮುದ್ದಪ್ಪ, ತಾಯಿ ಗಿರಿಯಮ್ಮ, ಹೆಣ್ಣು ಮಗು.” ಮಗುವಿನ ಹೆಸರಿಲ್ಲ. ಒಂದರಲ್ಲಿ ಮಗಳಿದ್ದಾಳೆ, ತಾಯಿ ತಪ್ಪು. ಇನ್ನೊಂದರಲ್ಲಿ ತಾಯಿ ಇದ್ದಾಳೆ, ಮಗಳಿಗೆ ಹೆಸರಿಲ್ಲ.

೩

(ಇಲ್ಲಿ ಕೂಗಾಡಬಾರದೆಂದುಕೊಂಡಿದ್ದೆ. ಆಗುತ್ತಿಲ್ಲ.)

ತಪ್ಪು ಹೇಗಾಯಿತು ಗೊತ್ತೇ? ಹೊಸ ಮಗುವನ್ನು ಬರೆಯುವ ಮುಂಚೆ ಅದರ ತಾಯಿ ಮೊರದಲ್ಲಿ ರಾಗಿ ತಂದು ಹೆಳವನಿಗೆ ಕೊಡಬೇಕು. ಅವನು ಬಂದಾಗ ಕ್ಯಾತಮ್ಮ ಹುಟ್ಟಿ ಒಂಬತ್ತು ದಿನ. ಹೆತ್ತವಳು ಹಟ್ಟಿಯಾಚೆಯ ಗುಡಿಸಲಲ್ಲಿ, ಸೂತಕದಲ್ಲಿ, ಕೂಸನ್ನು ಸೆರಗಲ್ಲಿ ಮುಚ್ಚಿಕೊಂಡು ಕೂತಿದ್ದಳು. ಅವಳು ಒಳಗೆ ಬರುವಂತಿಲ್ಲ; ಹೆಳವ ಅತ್ತ ಹೋಗುವಂತಿಲ್ಲ. ಅತ್ತೆ, “ನೀನೇ ಕೊಟ್ಬುಡು ಹೋಗೇ” ಎಂದು ಮೊರವನ್ನು ಈರಕ್ಕನ ಕೈಗೆ ತುರುಕಿದಳು. ಮೊರ ಹಿಡಿದವಳು ತಾಯಿಯಾದಳು! ಹೆತ್ತದ್ದಕ್ಕೇ ಹೊರಗೆ ಕೂರಿಸಿದರು, ಹೊರಗೆ ಕೂತದ್ದಕ್ಕೇ ಹೆತ್ತಿಲ್ಲವೆಂದು ಬರೆದರು. ಹೆತ್ತವಳು ಯಾರೆಂದು ಒಂದು ಮಾತು ಕೇಳಿದ್ದರೆ ಅವನ ಎತ್ತು ಬೆದರಿ ಓಡುತ್ತಿತ್ತೇ?

ಮುಂದಿನ ಸಲ ಪುಸ್ತಕ ಓದಿದಾಗ ಗಿರಿಯಮ್ಮ ಬಾಯಿಬಿಟ್ಟಳಂತೆ, “ಅದು ನನ್ ಕೂಸು ಕಣಪ್ಪ.” ಅತ್ತೆ ಗದರಿದಳು: “ಬರ್ದಿದ್ದು ಬರ್ದಾಯ್ತು, ಸುಮ್ಕಿರು.” ನಲವತ್ತೆರಡು ವರ್ಷ ಸುಮ್ಮನಿದ್ದಳು.

೪

ವಿಚಾರಣೆ ಹೊಂಗೆ ಮರದ ಕೆಳಗೆ. ಮಡಚುವ ಕುರ್ಚಿಯಲ್ಲಿ ರೆವಿನ್ಯೂ ಸಾಹೇಬರು. ಆಗ ಬರೆದ ಹೆಳವನ ಮಗ ರುದ್ರಯ್ಯ ಪುಸ್ತಕವನ್ನು ಎದೆಗೊತ್ತಿಕೊಂಡು ನಿಂತಿದ್ದಾನೆ.

“ನಮ್ಮಪ್ಪ ಬರ್ದಿದ್ದು ಸುಳ್ಳಾಗಕಿಲ್ಲ ಸ್ವಾಮಿ. ಏಳು ತಲೆದು ಐತೆ ಇದ್ರಾಗೆ.”

“ಏಳು ತಲೆ ಇರ್ಲಿ, ನಮ್ಮವ್ವನ ಒಂದು ಹೊಟ್ಟೆ ಕಾಣ್ಲಿಲ್ವಾ ನಿಮ್ಮಪ್ಪಂಗೆ?” ಎಂದಳು ಕ್ಯಾತಮ್ಮ.

ದಾಸಣ್ಣ ನೆಲ ನೋಡುತ್ತ, “ನಾನೇನ್ಲಾ ಮಾಡ್ಲಿ, ಪುಸ್ತಕದಾಗೆ ಅಂಗೈತೆ” ಎಂದು ಪಕ್ಕದವನಿಗೆ ಹೇಳಿದ.

“ಮಾವ, ನನ್ನ ಮುಖ ನೋಡಿ ಹೇಳು.” ಅವನು ನೋಡಲಿಲ್ಲ. ಕ್ಯಾತಮ್ಮ ಸಾಹೇಬರ ಕಡೆ ತಿರುಗಿದಳು. “ಸ್ವಾಮಿ, ಎರಡ್ರಲ್ಲೂ ಅಪ್ಪನ ಹೆಸರು ಒಂದೇ ಐತಲ್ಲ, ಅದನ್ನ ಹೆಂಗೆ ಗೊತ್ತು ಮಾಡ್ಕಂಡ್ರಿ? ಅದಕ್ಯಾರು ಸಾಕ್ಷಿ? ಅವ್ವ ಬಸುರಾಗಿದ್ದು ಇಡೀ ಹಟ್ಟಿ ನೋಡೈತೆ. ಎಲ್ರೂ ನೋಡಿದ್ದಕ್ಕೆ ಸಾಕ್ಷಿ ಬೇಕು, ಯಾರೂ ನೋಡದ್ದಕ್ಕೆ ಬ್ಯಾಡ್ವಾ?”

ಮರದ ಕೆಳಗಿನ ಗಂಡಸರಿಗೆಲ್ಲ ಒಟ್ಟಿಗೇ ಕೆಮ್ಮು ಬಂತು.

೫

ಹಟ್ಟಿಯಲ್ಲಿ ಅಂದು ಕಣ್ಣಾರೆ ಕಂಡವರಲ್ಲಿ ಈಗ ಉಳಿದವಳು ಈರಕ್ಕ. ಎಪ್ಪತ್ತು ದಾಟಿದೆ. ಅವಳು “ನಾನು ಹೆತ್ತಿಲ್ಲ” ಎಂದು ಹೇಳಿಕೆ ಕೊಟ್ಟರೆ ಹೊಲ ಕ್ಯಾತಮ್ಮನದು. ಇಷ್ಟೇ ತಾನೇ? ಬರೆದುಬಿಟ್ಟೆ.

ಮುಕ್ತಾಯ ಒಂದು: ಈರಕ್ಕ ಸತ್ಯ ನುಡಿದಳು, ಎಲ್ಲರ ಕಣ್ಣೂ ತುಂಬಿ...

“ಲೇ ತಾಯಿ, ನಿಲ್ಸು!” (ಇದು ಈರಕ್ಕ, ನನಗೇ.) “ನನ್ ಹೆಸರು ತೆಗುದ್ರೆ ನನ್ ಮುಂದೆ ಏನ್ ಬರೀತಾರೆ, ಅದನ್ನ ಕೇಳ್ದೇನು?”

ಕೇಳಿರಲಿಲ್ಲ. ಸಾಹೇಬರನ್ನು ಕೇಳಿದೆ. “ಪುಸ್ತಕದಲ್ಲಿ ‘ಈರಕ್ಕ, ಸಂತಾನವಿಲ್ಲ’ ಅಂತ ತಿದ್ದಬೇಕಾಗುತ್ತೆ” ಎಂದರು.

“ನೋಡ್ದಾ? ಗಿರಿಯಮ್ಮನ ಹಣೇಲಿದ್ದುದ್ನ ಕಿತ್ತು ನನ್ ಹಣೆಗೆ ಅಂಟ್ಸೋದಾ ನಿನ್ ನ್ಯಾಯ? ಅವಳು ಕುರಿ ಹಿಂದೆ ಹೋದಾಗ ಈ ಮುಂಡೇದನ್ನ ಕಂಕುಳಲ್ಲಿಟ್ಕಂಡು ಸಾಕ್ದೋಳು ನಾನು.”

ಮುಕ್ತಾಯ ಎರಡು: ಈರಕ್ಕ ಬಾಯಿ ಬಿಡಲಿಲ್ಲ, ಹೊಲ ದಾಸಣ್ಣನ ಪಾಲಾಯಿತು. (ಕ್ಯಾತಮ್ಮ ಹಾಳೆ ಕಿತ್ತುಕೊಂಡಳು.)

ಮುಕ್ತಾಯ ಮೂರು: ತಾಯಂದಿರು ಇಬ್ಬರು ಎಂದು ಬರೆಯಿರಿ. ಸಾಹೇಬರು ತಲೆಯಾಡಿಸಿದರು. ಒಂದು ಖಾನೆ, ಒಂದು ಹೆಸರು. ಗಂಡನಿಗೆ ಇಬ್ಬರು ಹೆಂಡಿರನ್ನು ಬರೆಯಲು ಜಾಗ ಸಾಲದೆ ಹೋಗಿರಲಿಲ್ಲ, ನೋಡಿ.

೬

ಸಾಹೇಬರ ಗುಮಾಸ್ತ ‘ಹೆತ್ತಿದ್ದೇನೆ’, ‘ಹೆತ್ತಿಲ್ಲ’ ಎಂದು ಎರಡೂ ಬಗೆಯ ಹೇಳಿಕೆ ಬರೆದು ಮುಂದಿಟ್ಟಿದ್ದಾನೆ. ಈರಕ್ಕನ ಹೆಬ್ಬೆರಳಿಗೆ ಮಸಿ ಸವರಿದ್ದಾರೆ.

“ದೊಡ್ಡವ್ವ, ನಿನ್ನಿಷ್ಟ ಕಣೆ” ಎಂದಳು ಕ್ಯಾತಮ್ಮ.

ಓದುವವರೇ, ಯಾವ ಹಾಳೆ ಎಂದು ನನ್ನನ್ನು ಅವಸರಪಡಿಸಬೇಡಿ. ಸಾಹೇಬರಿಗೆ ಬಸ್ಸಿಗೆ ಹೊತ್ತಾಗುತ್ತಿದೆ, ಆಗಲಿ. ಬೆರಳು ಈರಕ್ಕನದು. ಅದನ್ನು ಹಿಡಿದು ಒತ್ತಿಸುವವಳು ನಾನಲ್ಲ.